ಮುಕ್ತ ತಂತ್ರಾಂಶದ ಹೊಣೆ ಯಾರದು?

2014ರ ಸೆಪ್ಟೆಂಬರ್ ತಿಂಗಳಲ್ಲಿ ಗಣಕಯಂತ್ರಗಳ ಮೇಲ್ವಿಚಾರಕರು ಒಂದು ಸುದ್ದಿಯಿಂದ ತಲ್ಲಣಗೊಂಡರು. ಯೂನಿಕ್ಸ್ ವರ್ಗದ ಯಂತ್ರಗಳಲ್ಲಿ ನಾವು ಕೊಡುವ ಆಜ್ಞೆಗಳನ್ನು ಓದಿ ನಡೆಸುವ 'ಬ್ಯಾಷ್' ಎಂಬ ಪ್ರೋಗ್ರಾಮಿನಲ್ಲಿ 1989ರಿಂದಲೂ ಒಂದು ದೋಷ ಅಡಗಿ ಕುಳಿತಿತ್ತು. ಅದರ ಮೂಲಕ ದೂರದಲ್ಲಿರುವ ಅಪರಿಚಿತನೊಬ್ಬನು ತನಗೆ ಬೇಕಾದ ಆಜ್ಞೆಯನ್ನು ಯಂತ್ರದಿಂದ ನಡೆಸಿಕೊಳ್ಳಲು ಅವಕಾಶವಿತ್ತು. ಷೆಲ್‌ಷಾಕ್ ಎಂದು ಹೆಸರಾದ ಈ ದೋಷಕ್ಕೆ ಮದ್ದು ಕೆಲವೇ ದಿನಗಳಲ್ಲಿ ಸಿದ್ಧವಾಯಿತು. ಆದರೆ ಮದ್ದು ಸಿದ್ಧವಾಗುವುದು ಬೇರೆ, ಅದು ರೋಗಿಯನ್ನು ಮುಟ್ಟುವುದು ಬೇರೆ. ಈ ಎರಡರ ನಡುವಣ ದಾರಿಯನ್ನು ಕುರಿತು ನಾಲ್ಕು ಮಾತುಗಳನ್ನು ವಿದ್ಯಾರ್ಥಿಗಳ ಮುಂದಿಡಲು ಬಯಸುತ್ತೇವೆ.

ಯೂನಿಕ್ಸ್ 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಮೊದಲಾದವರ ಕೈಯಲ್ಲಿ ಹುಟ್ಟಿತು. ಮುಂದೆ ಹಲವು ಕಂಪನಿಗಳು ಅದರಿಂದ ತಂತಮ್ಮ ವಾಣಿಜ್ಯ ರೂಪಗಳನ್ನು ಬೆಳೆಸಿದವು. ಸನ್ ಕಂಪನಿಯ ಸೋಲಾರಿಸ್, ಐಬಿಎಂ ಕಂಪನಿಯ ಎಐಎಕ್ಸ್ ಇವುಗಳಲ್ಲಿ ಮುಖ್ಯವಾದವು. ಇತ್ತ 1983ರಲ್ಲಿ ರಿಚರ್ಡ್ ಸ್ಟಾಲ್ಮನ್ ಅವರು ಗ್ನೂ ಯೋಜನೆಯನ್ನು ಸಾರಿದರು. ಪ್ರೋಗ್ರಾಮಿನ ಮೂಲಪಾಠವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು ಎಂಬುದೇ ಅದರ ತತ್ತ್ವ. 1992ರಲ್ಲಿ ಸೋಲಾರಿಸ್ 2 ಬಂದಾಗ ಸನ್ ಕಂಪನಿಯು ಸಿ ಭಾಷೆಯ ಕಂಪೈಲರನ್ನು ಅದರೊಡನೆ ಕೊಡದೆ ಪ್ರತ್ಯೇಕವಾಗಿ ಮಾರತೊಡಗಿತು. ಬಳಕೆದಾರರಲ್ಲಿ ಹಲವರು ಗ್ನೂ ಕಂಪೈಲರಿನತ್ತ ತಿರುಗಿದ್ದು ಸ್ವಾಭಾವಿಕವೇ. ಆದರೆ ಮೂಲಪಾಠವನ್ನು ಯಂತ್ರಭಾಷೆಗೆ ಇಳಿಸಲು ಕಂಪೈಲರ್ ಬೇಕು. ಕಂಪೈಲರಿನ ಮೂಲಪಾಠವನ್ನು ಇಳಿಸಲೂ ಒಂದು ಕಂಪೈಲರೇ ಬೇಕು! ಆದುದರಿಂದ ಯಾರಾದರೂ ಮೊದಲೇ ಕಟ್ಟಿಟ್ಟ ಪ್ಯಾಕೇಜ್ ದೊರೆಯದೆ ಗತಿಯಿರಲಿಲ್ಲ.

ಮೂಲಪಾಠ ಎಲ್ಲರಿಗೂ ಒಂದೇ ಆದರೂ ಇಂಟೆಲ್ ಸಂಸ್ಕಾರಕಕ್ಕೆ ಕಟ್ಟಿದ ಪ್ರೋಗ್ರಾಂ ಸನ್ ಕಂಪನಿಯ ಸ್ಪಾರ್ಕ್ ಸಂಸ್ಕಾರಕದ ಮೇಲೆ ಓಡದು. ಪ್ರತಿಯೊಂದು ವ್ಯವಸ್ಥೆಗೂ ಬೇರೆಯಾಗಿ ಕಟ್ಟಬೇಕು, ಪರೀಕ್ಷಿಸಬೇಕು. ಒಂದು ಪ್ರೋಗ್ರಾಂ ಹತ್ತು ಲೈಬ್ರರಿಗಳನ್ನು ಆಶ್ರಯಿಸಿದ್ದರೆ ಆ ಹತ್ತನ್ನೂ ಒದಗಿಸಬೇಕು. ಸೋಲಾರಿಸ್‌ನ ಹಳೆಯ ಸ್ಥಾಪನಾ ಸಾಧನವು ಇವನ್ನು ತಾನಾಗಿ ಹುಡುಕಿ ತರುತ್ತಿರಲಿಲ್ಲ. ಈ ಕೊರತೆಯನ್ನು ನೀಗಿದವರು ಸ್ವಯಂಸೇವಕರು. ಈ ಶತಮಾನದ ಆದಿಯಲ್ಲಿ ಬ್ಲಾಸ್ಟ್‌ವೇವ್ ಎಂಬ ತಂಡ ಈ ಕೆಲಸಕ್ಕೆ ನಿಂತಿತು. 2008ರಲ್ಲಿ ಅದು ಒಡೆದು ಓಪನ್ ಸಿಎಸ್‌ಡಬ್ಲ್ಯೂ ಎಂಬ ಮತ್ತೊಂದು ತಂಡ ರೂಪುಗೊಂಡಿತು. ಬೇಕಾದ ಪ್ಯಾಕೇಜಿನ ಹೆಸರು ಹೇಳಿದರೆ ಸಾಕು, ಅದರ ಪರಿವಾರವೆಲ್ಲ ಜೊತೆಗೇ ಬರುವಂತೆ ಇವರು ಏರ್ಪಡಿಸಿದರು. ಆದರೆ 2010ರ ದಶಕ ಮುಗಿಯುವ ಹೊತ್ತಿಗೆ ಅಲ್ಲಿಗೆ ಹೊಸ ಪ್ಯಾಕೇಜುಗಳ ಬರವು ಬಹಳ ಇಳಿದಿತ್ತು. ಕಟ್ಟುವ ಕೈಗಳು ಕಡಮೆಯಾದರೆ ಆಗುವುದು ಇದೇ.

"ಹಳೆಯದು ಸರಿಯಾಗಿಯೇ ನಡೆಯುತ್ತಿರುವಾಗ ಹೊಸದರ ಗೊಡವೆ ಏಕೆ?" ಎಂದು ಕೆಲವರು ಕೇಳುವರು. ಈ ಮಾತನ್ನು ತಳ್ಳಿಹಾಕುವಂತಿಲ್ಲ. 2014ರ ಏಪ್ರಿಲ್‌ನಲ್ಲಿ ಬಯಲಾದ ಹಾರ್ಟ್‌ಬ್ಲೀಡ್ ದೋಷವು ಓಪನ್ ಎಸ್‌ಎಸ್‌ಎಲ್ ಎಂಬ ಗೂಢಲಿಪಿ ತಂತ್ರಾಂಶದ 1.0.1 ಶ್ರೇಣಿಯಲ್ಲಿತ್ತು; ಹಳೆಯ 0.9.8 ಶ್ರೇಣಿಯಲ್ಲಿ ಇರಲಿಲ್ಲ. ಆದರೆ ಕಥೆ ಅಲ್ಲಿಗೇ ಮುಗಿಯಲಿಲ್ಲ. ಆ ಹಳೆಯ ಶ್ರೇಣಿಗೆ ಸುಧಾರಿತ ಟಿಎಲ್‌ಎಸ್ 1.2 ಕ್ರಮ ತಿಳಿಯದು. 2015ರ ಕೊನೆಗೆ ಅದರ ಪಾಲನೆಯೂ ನಿಂತುಹೋಯಿತು. ಅಂದಮೇಲೆ ಹಳೆಯದೆಂದು ನಂಬುವುದೂ ಹೊಸದೆಂದು ನಂಬುವುದೂ ಸಮನಾದ ಮೂಢನಂಬಿಕೆ. ಯಾವುದರ ಮೇಲೆ ಎಚ್ಚರದ ಕಣ್ಣು ಇದೆಯೋ ಅದನ್ನು ನಂಬಬಹುದು.

ಆ ಕಣ್ಣು ಯಾರದಾಗಿರಬೇಕು? ಐಬಿಎಂ ತನ್ನ ಎಐಎಕ್ಸ್‌ಗಾಗಿ ಮುಕ್ತ ತಂತ್ರಾಂಶಗಳ ಸಂಗ್ರಹವೊಂದನ್ನು ತಾನೇ ಕಟ್ಟಿ ಒದಗಿಸುತ್ತದೆ. 2010ರಲ್ಲಿ ಸನ್ ಕಂಪನಿಯನ್ನು ಕೊಂಡ ಒರಾಕಲ್ ಮರುವರ್ಷ ಹೊರತಂದ ಸೋಲಾರಿಸ್ 11ರಲ್ಲಿ ಅವಲಂಬನೆಗಳನ್ನು ತಾನೇ ತರುವ ಹೊಸ ಪ್ಯಾಕೇಜ್ ವ್ಯವಸ್ಥೆಯಿದೆ. ಆದರೆ ಅದರ ಕಾಲಕಾಲದ ತಿದ್ದುಪಡಿಗಳು ಸಾಮಾನ್ಯವಾಗಿ ಬೆಂಬಲದ ಕರಾರು ಮಾಡಿಕೊಂಡವರಿಗೆ ಮೀಸಲು. ಮೂರನೆಯ ದಾರಿ ನೆಟ್‌ಬಿಎಸ್‌ಡಿ ಬಳಗದ್ದು. ಅವರು 1997ರಲ್ಲಿ ಆರಂಭಿಸಿದ ಪಿಕೆಜಿಸೋರ್ಸ್ ಎಂಬ ಸಂಗ್ರಹದಲ್ಲಿ ಕಟ್ಟುವ ವಿಧಾನವನ್ನು ಒಮ್ಮೆ ಬರೆದಿಟ್ಟು ಹಲವು ವ್ಯವಸ್ಥೆಗಳಿಗೆ ಬಳಸುವರು. ಮೂರು ತಿಂಗಳಿಗೊಮ್ಮೆ ಸ್ಥಿರವಾದ ಆವೃತ್ತಿ ಹೊರಡುವುದು. ಒಬ್ಬನ ದುಡಿಮೆ ಹಲವರಿಗೆ ಒದಗುವ ಈ ದಾರಿಯೇ ಮೇಲೆಂದು ನಮ್ಮ ಅಭಿಪ್ರಾಯ.

ಆದರೆ ಯಾವ ದಾರಿಯೂ ತಾನಾಗಿ ಸಾಗದು. ಯಂತ್ರಕ್ಕೂ ಕರಾರಿಗೂ ಹಣ ಸುರಿಯುವ ಸಂಸ್ಥೆಗಳು, ಅದೇ ಯಂತ್ರದಲ್ಲಿ ಓಡುವ ಮುಕ್ತ ತಂತ್ರಾಂಶ ಬಿಟ್ಟಿಯಾಗಿ ಸದಾ ಹೊಸದಾಗಿರಲೆಂದು ಬಯಸುವುದು ನ್ಯಾಯವಲ್ಲ. ಹಣವನ್ನಾಗಲಿ, ತಮ್ಮ ಇಂಜಿನಿಯರರ ವಾರದ ಕೆಲವು ಗಂಟೆಗಳನ್ನಾಗಲಿ ಅವು ಈ ಕೆಲಸಕ್ಕೆ ಸಲ್ಲಿಸಬೇಕು. ಸ್ವಾತಂತ್ರ್ಯವೆಂದರೆ ಬೆಲೆಯಿಲ್ಲದ ವಸ್ತುವಲ್ಲ.

ವಿದ್ಯಾರ್ಥಿಗಳಿಗೂ ಇಲ್ಲಿ ಕೆಲಸವಿದೆ. ಸೋಲಾರಿಸ್ 11.4ರ ಒಂದು ರೂಪವನ್ನು ಒರಾಕಲ್ 2022ರಲ್ಲಿ ವೈಯಕ್ತಿಕ ಅಭ್ಯಾಸಕ್ಕೆ ಉಚಿತವಾಗಿ ತೆರೆಯಿತು. ಸೋಲಾರಿಸ್‌ನ ಮುಕ್ತ ಸಂತತಿಯಾದ ಇಲ್ಯುಮೋಸ್ 2010ರಿಂದಲೂ ಇದೆ. ಒಂದು ಚಿಕ್ಕ ಪ್ರೋಗ್ರಾಮನ್ನು ಆರಿಸಿ ಅದರ ಮೂಲಪಾಠವನ್ನು ತನ್ನಿರಿ, ಅದರ ಮುದ್ರೆಯನ್ನು ಪರಿಶೀಲಿಸಿರಿ, ಪ್ಯಾಕೇಜ್ ಕಟ್ಟಿರಿ. ಎಡವಿದ ಕಡೆ ಕಾರಣ ಹುಡುಕಿ, ತಿದ್ದಿದ್ದನ್ನು ಮೂಲ ಲೇಖಕರಿಗೆ ಕಳುಹಿಸಿರಿ. ಪುಸ್ತಕದಿಂದ ಬಾರದ ಪಾಠ ಇದರಿಂದ ಬರುವುದು.

ನಮ್ಮ ಹಿರಿಯರು ಊರಿಗೊಂದು ಕೆರೆ ಕಟ್ಟಿಸಿದರು. ನೀರು ಮೊಗೆಯುವವರೆಲ್ಲ ಹೂಳೆತ್ತಲೂ ಕೈಹಾಕಿದ ಊರುಗಳಲ್ಲಿ ಕೆರೆ ಉಳಿದಿದೆ; ಉಳಿದೆಡೆ ಅದರ ಹೆಸರಷ್ಟೇ ಇದೆ.