ಮನೆಬಾಗಿಲಿಗೆ ಬಂದ ಪಾಠ, ಮನೆಯಲ್ಲಿಲ್ಲದ ತಾಯಿ

ಮೂರು ವರ್ಷದೊಳಗಿನ ಕೂಸಿಗೆ ಕಲಿಸುವ ಬಗೆಯನ್ನು ತಾಯಿತಂದೆಗಳಿಗೆ ಅವರ ಮನೆಯಲ್ಲಿಯೇ ತೋರಿಸಿಕೊಡಬೇಕೆಂದು ಸರ್ಕಾರವು ಈಗ ಹೇಳುತ್ತಿದೆ. 2024ರಲ್ಲಿ ಕೇಂದ್ರ ಸರ್ಕಾರವು ‘ನವಚೇತನ’ ಎಂಬ ಹೆಸರಿನಲ್ಲಿ ಇದಕ್ಕೊಂದು ಕ್ರಮವನ್ನು ಹೊರಡಿಸಿತು. ಹುಟ್ಟಿದಂದಿನಿಂದ 36 ತಿಂಗಳವರೆಗೆ, ವಯಸ್ಸಿಗೆ ತಕ್ಕಂತೆ 140 ಆಟಪಾಠಗಳು. ಅಂಗನವಾಡಿ ಕಾರ್ಯಕರ್ತೆಯು ಮನೆಮನೆಗೆ ಹೋಗಿ ಇವನ್ನು ತೋರಿಸಬೇಕು. ಉದ್ದೇಶವನ್ನು ನಾವು ಮನಸಾರೆ ಸ್ವಾಗತಿಸುತ್ತೇವೆ. ಆದರೆ ಅವಳು ಬಾಗಿಲು ತಟ್ಟಿದಾಗ ಒಳಗೆ ಯಾರಿರುತ್ತಾರೆ? ನಾವು ಕೇಳುವುದು ಇದೊಂದೇ.

ಅಗರ-ಮಾಂಬಳ್ಳಿಯಿಂದ ಕೊಳ್ಳೇಗಾಲದವರೆಗೆ ರೇಷ್ಮೆಯೇ ಈ ಸೀಮೆಯ ಹೆಸರಾಂತ ಕಸುಬು. ಗೂಡು ಬೇಯಿಸಿ ನೂಲು ತೆಗೆಯುವ ಕೈ ಬಹುಮಟ್ಟಿಗೆ ಹೆಂಗಸಿನ ಕೈ. ಹೊತ್ತು ಮೂಡುವ ಮೊದಲು ಮನೆ ಬಿಟ್ಟವಳು ದೀಪ ಹಚ್ಚುವ ವೇಳೆಗೆ ಹಿಂದಿರುಗುತ್ತಾಳೆ. ಕೂಸು ಅಜ್ಜಿಯ ಮಡಿಲಲ್ಲಿ. ಅಜ್ಜಿ ಇಲ್ಲದಿದ್ದರೆ ಏಳು ವರ್ಷದ ಅಕ್ಕನ ಸೊಂಟದ ಮೇಲೆ. ಅಂದು ಆ ಅಕ್ಕನ ಶಾಲೆಯೂ ಹೋಯಿತು. ಮೇಷ್ಟ್ರಾಗಿ ಹಾಜರಿ ಕೂಗಿದವನು ಹೇಳುವ ಮಾತಿದು: ಹಾಗೆ ತಪ್ಪಿದ ಹೆಸರುಗಳು ಹೆಚ್ಚಾಗಿ ಹೆಣ್ಣುಮಕ್ಕಳವೇ.

ಮನೆಭೇಟಿಯಿಂದ ಫಲವಿಲ್ಲವೆಂದು ಯಾರೂ ತಿಳಿಯಬಾರದು. 1986-87ರಲ್ಲಿ ಜಮೈಕಾ ದೇಶದ ಕಿಂಗ್‌ಸ್ಟನ್ ನಗರದ ಬಡಕೇರಿಗಳಲ್ಲಿ, ಬೆಳವಣಿಗೆ ಕುಂಠಿತವಾಗಿದ್ದ 129 ಮಕ್ಕಳನ್ನು ಆರಿಸಿ ಒಂದು ಪರೀಕ್ಷೆ ನಡೆಸಿದರು. ಕೆಲವು ಮನೆಗಳಿಗೆ ಆರೋಗ್ಯ ಸಹಾಯಕಿಯರು ವಾರಕ್ಕೊಂದು ಗಂಟೆಯಂತೆ ಎರಡು ವರ್ಷ ಹೋಗಿ, ಮನೆಯಲ್ಲೇ ಮಾಡಿದ ಆಟದ ಸಾಮಾನು ಹಿಡಿದು ತಾಯಿ-ಮಗುವಿನೊಡನೆ ಆಡಿದರು. ಇಪ್ಪತ್ತು ವರ್ಷಗಳ ತರುವಾಯ ನೋಡಿದರೆ, ಹಾಗೆ ಆಡಿ ಬೆಳೆದವರ ಸಂಪಾದನೆಯು ಇತರರಿಗಿಂತ ನೂರಕ್ಕೆ 25ರಷ್ಟು ಹೆಚ್ಚಾಗಿತ್ತು. ಬರಿಯ ಪೂರಕ ಆಹಾರ ಪಡೆದವರಲ್ಲಿ ಇಂತಹ ಲಾಭ ಉಳಿಯಲಿಲ್ಲ. ಅನ್ನವೂ ಬೇಕು, ಮಾತೂ ಬೇಕು.

ನಮ್ಮಲ್ಲಿ ಇದು ತೀರ ಹೊಸದೂ ಅಲ್ಲ. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ಕರ್ನಾಟಕದಲ್ಲಿ ಮೊದಲು ಕಾಲಿಟ್ಟದ್ದು ನೆರೆಯ ತಿರುಮಕೂಡಲು ನರಸೀಪುರದಲ್ಲಿ, 100 ಅಂಗನವಾಡಿಗಳೊಡನೆ. 2018ರಿಂದ ಆಶಾ ಕಾರ್ಯಕರ್ತೆಯರೂ ಕೂಸಿನ 3, 6, 9, 12, 15ನೆಯ ತಿಂಗಳುಗಳಲ್ಲಿ ಮನೆಗೆ ಬರಬೇಕೆಂಬ ನಿಯಮವಾಯಿತು.

ಬರುವವಳ ಪಾಡೇನು? 2018ರಲ್ಲಿ ಕೇಂದ್ರವು ಅಂಗನವಾಡಿ ಕಾರ್ಯಕರ್ತೆಗೆ ಗೊತ್ತುಮಾಡಿದ್ದು ತಿಂಗಳಿಗೆ 4,500 ರೂಪಾಯಿ, ಸಹಾಯಕಿಗೆ 2,250. ಉಳಿದದ್ದು ರಾಜ್ಯ ಸೇರಿಸುವ ಪಾಲು. ಇದಕ್ಕೆ ಸಂಬಳವೆನ್ನುವುದಿಲ್ಲ, ‘ಗೌರವಧನ’ವೆನ್ನುತ್ತಾರೆ! ಇವರಿಗೂ ಗ್ರಾಚ್ಯುಟಿಯ ಹಕ್ಕಿದೆಯೆಂದು ಹೇಳಲು 2022ರಲ್ಲಿ ಸುಪ್ರೀಂ ಕೋರ್ಟೇ ಬೇಕಾಯಿತು. ತೂಕ, ಅಡಿಗೆ, ಚುಚ್ಚುಮದ್ದಿನ ಲೆಕ್ಕ, ಮೊಬೈಲಿನಲ್ಲಿ ವರದಿ, ಇಷ್ಟೆಲ್ಲ ಮುಗಿಸಿ ಬಿಸಿಲಲ್ಲಿ ನಡೆದು ಬಂದವಳಿಗೆ ಬೀಗ ಕಂಡರೆ, ಪುಸ್ತಕದಲ್ಲಿ ‘ಭೇಟಿ ಆಯಿತು’ ಎಂದು ಬರೆದು ಹೋಗುವ ದುರ್ಗತಿ ಯಾರ ತಪ್ಪು? ಅವಳದಂತೂ ಅಲ್ಲ.

ಇನ್ನು ತಾಯಿಯ ವಿಷಯ. 50 ಮಂದಿ ದುಡಿಯುವ ಕಡೆ ಶಿಶುಗೃಹ ಇರಬೇಕೆಂದು 2017ರಲ್ಲಿ ಕಾನೂನಾಯಿತು. ಹತ್ತು ಮಂದಿಯ ನೂಲು ತೆಗೆಯುವ ಘಟಕಕ್ಕೆ ಅದು ತಾಕುವುದೇ ಇಲ್ಲ. ಕೂಲಿ ತಾಯಂದಿರಿಗಾಗಿ ರಾಜ್ಯ ಸರ್ಕಾರವು 2023ರಲ್ಲಿ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ಗಳನ್ನು ಸಾರಿತು. ಅದೇ ನ್ಯಾಯವು ಮಿಲ್ಲಿನ, ಘಟಕದ ತಾಯಿಗೇಕೆ ಬೇಡ?

ಓದು ಬಾರದ ತಾಯಿ ಏನು ಕಲಿಸಿಯಾಳು ಎಂದು ಕೆಲವರು ಮೂಗು ಮುರಿಯುತ್ತಾರೆ. ಮಾದಪ್ಪನ ಕಥೆಯನ್ನು ರಾತ್ರಿಯೆಲ್ಲ ಹಾಡುವ ಸೀಮೆ ಇದು! ನಾಟಕಕಾರ ‘ಸಂಸ’ರು ಹುಟ್ಟಿದ್ದೂ ಈ ಅಗರದಲ್ಲಿಯೇ. ನಮ್ಮ ಜನಕ್ಕೆ ಮಾತಿನ ಬಡತನವಿಲ್ಲ. ಇರುವುದು ಹೊತ್ತಿನ ಬಡತನ.

ಆದುದರಿಂದ ನಮ್ಮ ಒತ್ತಾಯವಿಷ್ಟು. ಕಾರ್ಯಕರ್ತೆಗೆ ಸಂಬಳವೆಂಬ ಹೆಸರಿನ ಸಂಬಳ ಕೊಡಿ, ದಾಖಲೆಯ ಹೊರೆ ಇಳಿಸಿ. ಸಣ್ಣ ಘಟಕಗಳಿರುವ ಕೇರಿಗೊಂದು ಶಿಶುಗೃಹ ತೆರೆಯಿರಿ, ಖರ್ಚಿನಲ್ಲಿ ಮಾಲೀಕರಿಗೂ ಪಾಲು ಹಾಕಿ. ತಾಯಿಯ ರಜೆಯ ದಿನ ನೋಡಿ ಭೇಟಿ ಗೊತ್ತುಮಾಡಿ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡುಗಳಿಗೆ ಅವರ ನುಡಿ ಬಲ್ಲವಳನ್ನೇ ಕಳುಹಿಸಿ.

ಕಾರ್ಮಿಕ ಬಂಧುಗಳೇ, ನಮ್ಮ ಪಾಲಿನದೂ ಇದೆ. ಪಾಳಿ ಮುಗಿಸಿ ಬಂದ ಗಂಡಸು ಅರ್ಧ ಗಂಟೆ ಮಗುವಿನೊಡನೆ ಮಾತನಾಡಿದರೆ ಗಂಡಸುತನಕ್ಕೆ ಕುಂದೇನೂ ಬರದು. ಅಂಗಡಿಯ ಬಂಧುಗಳೇ, ಮೂಟೆಗಳ ನಡುವೆ ಕೂರಿಸಿದ ಕೂಸಿಗೆ ಹುಣಸೆಬೀಜ ಎಣಿಸಲು ಹೇಳಿಕೊಡಿ. ನಿಮ್ಮ ತಕ್ಕಡಿಗಿಂತ ಒಳ್ಳೆಯ ಪಾಠಶಾಲೆ ಎಲ್ಲಿದೆ? ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ: ನಮ್ಮ ಊರಿನ ಎಷ್ಟು ಮನೆಗೆ ಭೇಟಿಯಾಯಿತು, ಎಷ್ಟು ಬಾಗಿಲಿಗೆ ಬೀಗವಿತ್ತು? ಆ ಎರಡನೆಯ ಲೆಕ್ಕವನ್ನು ಬರೆಯಿಸದೆ ಕುಳಿತುಕೊಳ್ಳಬೇಡಿ.