ಬೋಳುತಲೆಗೆ ಪಂಚಗಂಗೆ ಕಾರಣವಲ್ಲ

ಇಚಲಕರಂಜಿಯಲ್ಲಿ ಗಂಡಸರ ಕೂದಲು ಉದುರಿದರೆ "ನೀರು ಕೆಟ್ಟೈತಿ" ಅಂತಾರೆ. ಪಂಚಗಂಗೆಯ ಮೇಲಿನ ಸಿಟ್ಟು ಸುಳ್ಳಲ್ಲ. 2012ರಲ್ಲಿ ಇದೇ ಊರಲ್ಲಿ ಕುಡಿಯುವ ನೀರಿನಿಂದ ಕಾಮಾಲೆ ಹಬ್ಬಿತ್ತು. ಆದರೆ ಹಣೆಯ ಎರಡೂ ಬದಿ, ನೆತ್ತಿ ಬೋಳಾಗುವುದಕ್ಕೆ ಮುಖ್ಯ ಕಾರಣ ವಂಶವಾಹಿ. ಟೆಸ್ಟೋಸ್ಟೆರಾನ್‌ನಿಂದ ತಯಾರಾಗುವ ಡಿಎಚ್‌ಟಿ ಎಂಬ ಹಾರ್ಮೋನಿನಿಂದ ಕೂದಲ ಬೇರಿನ ಚೀಲಗಳು ವರ್ಷ ವರ್ಷ ಕುಗ್ಗುತ್ತ ಹೋಗುತ್ತವೆ. ಈ ಗುಣ ಅಪ್ಪನ ಕಡೆಯಿಂದಲೂ ಬರಬಹುದು, ಅವ್ವನ ಕಡೆಯಿಂದಲೂ.

ಟೈಫಾಯ್ಡ್, ಡೆಂಗಿಯಂಥ ಜ್ವರ ಬಂದು ಎರಡು-ಮೂರು ತಿಂಗಳಿಗೆ ತಲೆತುಂಬ ಉದುರುವುದು ಬೇರೆ. ಅದು ಸಾಮಾನ್ಯವಾಗಿ ತಾನೇ ಬೆಳೆಯುತ್ತದೆ. ಹೆಸರು ಮಾತ್ರ ಆಗ ಹಚ್ಚಿದ ಎಣ್ಣೆಗೆ! ಬಿಲ್ಲೆಯಷ್ಟು ಜಾಗ ಬೋಳಾದರೆ ಕಾಯಬೇಡಿ, ಗಜಕರ್ಣವೂ ಇರಬಹುದು. ಗಡಹಿಂಗ್ಲಜದ ಸರಕಾರಿ ದವಾಖಾನೆಗೋ, ಕೊಲ್ಹಾಪುರದ ಸಿಪಿಆರ್‌ಗೋ ಹೋಗಿ ತೋರಿಸ್ರಿ. ಸಂತೆಯ ಬಾಟಲಿಗೆ ರೊಕ್ಕ ಸುರಿಯುವ ಕಾಕಾಗೆ ಇದನ್ನು ಓದಿ ಹೇಳ್ರಿ.