ಮಂದೆಯ ಲೆಕ್ಕ ಯಾರ ಕೈಯಲ್ಲಿರಬೇಕು?



ಈ ಸಮ್ಮೇಳನದಲ್ಲಿ ನಮ್ಮ ನ್ಯೂಜೆರ್ಸಿಯ ಕೆಲವು ತರುಣರು ನಿಮ್ಮೆಲ್ಲರ ನೆರವನ್ನು ಕೋರಲಿದ್ದಾರೆ. ಚಿತ್ರದುರ್ಗ, ಬೆಳಗಾವಿ ಕಡೆಯ ಕುರಿಗಾಹಿಗಳು ತಮ್ಮ ಮಂದೆ ಯಾವ ದಿನ ಎಲ್ಲಿ ಮೇಯಿತು, ಎಲ್ಲಿ ತಂಗಿತು, ಎಷ್ಟು ಮರಿ ಹುಟ್ಟಿದವು, ಎಷ್ಟು ಕುರಿ ಸತ್ತವು ಎಂಬುದನ್ನು ಮೊಬೈಲ್ ಫೋನಿನಲ್ಲಿ ತಪ್ಪದೆ ದಾಖಲಿಸುವಂತೆ ತರಬೇತಿ ಕೊಡಬೇಕೆಂಬುದು ಅವರ ಆಶಯ. ಅವರಲ್ಲೊಬ್ಬ ನನ್ನ ಮಗ. ಆದ್ದರಿಂದ ನಾನು ಈ ವಿಷಯದಲ್ಲಿ ಬಾಯಿ ಹಾಕಬಾರದೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ಸಂಪಾದಕರು ಲೇಖನ ಕೇಳಿದ್ದರಿಂದ ಆ ತೀರ್ಮಾನ ಮುರಿದುಬಿತ್ತು. ಕಲಾ ಪದವಿ ಪಡೆದು ಗೃಹಿಣಿಯಾಗಿಯೇ ಉಳಿದ ನನಗೆ ಕಂಪ್ಯೂಟರ್ ವಿದ್ಯೆ ತಿಳಿಯದು. ಆದರೆ ಲೆಕ್ಕ ಬರೆಯುವುದು ಏಕೆ ತಪ್ಪಿಹೋಗುತ್ತದೆ ಎಂಬುದು ಚೆನ್ನಾಗಿ ತಿಳಿದಿದೆ.

ಮೂರು ವರ್ಷಗಳ ಹಿಂದೆ ನನಗೆ ಸಕ್ಕರೆ ಕಾಯಿಲೆಯಿದೆಯೆಂದು ಗೊತ್ತಾದಾಗ, ದಿನಕ್ಕೆರಡು ಬಾರಿ ರಕ್ತ ಪರೀಕ್ಷಿಸಿ ಅಂಕಿಯನ್ನು ಫೋನಿನಲ್ಲಿ ದಾಖಲಿಸಬೇಕೆಂದು ವೈದ್ಯರು ಹೇಳಿದರು. ದಾದಿಯೊಬ್ಬಳು ಅರ್ಧ ಗಂಟೆ ಕುಳಿತು ಕಲಿಸಿದಳು. ಹದಿನೈದು ದಿನ ಶ್ರದ್ಧೆಯಿಂದ ಮಾಡಿದೆ. ಆಮೇಲೆ ವೈದ್ಯರ ಭೇಟಿಯ ದಿನ ಕಾರಿನಲ್ಲಿ ಕುಳಿತು ಹತ್ತು ದಿನದ ಅಂಕಿಗಳನ್ನು ಒಮ್ಮೆಗೇ ತುಂಬತೊಡಗಿದೆ: 118, 124, 121. ಬಲು ಅಚ್ಚುಕಟ್ಟಾದ ದಾಖಲೆ! ತರಬೇತಿಯಲ್ಲಿ ಕೊರತೆಯಿರಲಿಲ್ಲ, ಆ ಲೆಕ್ಕ ನನ್ನದಾಗಿರಲಿಲ್ಲ, ಅಷ್ಟೆ. ಮುದ್ದೆ ಉಂಡ ದಿನ ಎಷ್ಟು, ಅನ್ನ ಉಂಡ ದಿನ ಎಷ್ಟು ಎಂದು ನನಗಾಗಿಯೇ ಅಡುಗೆಮನೆಯ ಕ್ಯಾಲೆಂಡರಿನ ಮೇಲೆ ಗುರುತು ಹಾಕಿಕೊಳ್ಳತೊಡಗಿದ ಮೇಲೆ ಒಂದು ದಿನವೂ ತಪ್ಪಲಿಲ್ಲ.

ನನ್ನ ತವರು ಹಿರಿಯೂರು ತಾಲ್ಲೂಕಿನ ಒಂದು ಹಳ್ಳಿ. ಸುಗ್ಗಿ ಮುಗಿದ ಮೇಲೆ ಕುರಿಯವರು ಬಂದು ನಮ್ಮ ಹೊಲದಲ್ಲಿ ರಾತ್ರಿ ಮಂದೆ ತರುಬುತ್ತಿದ್ದರು. ಹಿಕ್ಕೆ ಗಂಜಲ ಹೊಲಕ್ಕೆ ಗೊಬ್ಬರ. ಅದಕ್ಕೆ ಪ್ರತಿಯಾಗಿ ರಾತ್ರಿಗಿಷ್ಟು ಎಂದು ಅವರಿಗೆ ರಾಗಿ, ಜೋಳ. ಎಷ್ಟು ರಾತ್ರಿ ಎಂಬುದನ್ನು ನನ್ನ ತಂದೆ ದಿನಚರಿಯಲ್ಲಿ ಬರೆದಿಡುತ್ತಿದ್ದರು. ಅಕ್ಷರವರಿಯದ ಹಿರಿಯ ಕುರಿಗಾಹಿ ರಾತ್ರಿಗೊಂದರಂತೆ ತನ್ನ ಕಂಬಳಿಯ ದಶಿಗೆ ಗಂಟು ಹಾಕುತ್ತಿದ್ದ. ಒಂದು ವರ್ಷ ದಿನಚರಿ ಒಂಬತ್ತು ಎಂದಿತು, ಕಂಬಳಿ ಹನ್ನೊಂದು ಎಂದಿತು. ತಂದೆಯವರು ಪುಸ್ತಕವನ್ನೇ ಎತ್ತಿ ತೋರಿಸಿದರು. ಒಳಗಿನಿಂದ ಅಮ್ಮ, ನಡುವೆ ಎರಡು ದಿನ ನೀವು ಮದುವೆಗೆಂದು ದುರ್ಗಕ್ಕೆ ಹೋಗಿರಲಿಲ್ಲವೆ ಎಂದು ಕೇಳಿದಾಗ ಮಾತು ಮುಗಿಯಿತು. ಕುರಿಗಾಹಿ ಹನ್ನೊಂದು ರಾತ್ರಿಯ ಕಾಳನ್ನು ಅಳೆಸಿಕೊಂಡು ಹೋದ.

ಆದ್ದರಿಂದ, ಕುರಿ ಕಾಯುವವನಿಗೆ ಲೆಕ್ಕದ ಶಿಸ್ತಿಲ್ಲ, ಅದನ್ನು ನಾವು ಕಲಿಸಬೇಕು ಎಂಬ ಭಾವನೆಯಿಂದ ಈ ಕಾರ್ಯ ಆರಂಭವಾಗಬಾರದು. ಅವನಲ್ಲಿಲ್ಲದ್ದು ಕಚೇರಿ ಒಪ್ಪುವ ಕಾಗದ. ಅದಿಲ್ಲದಿರುವುದರಿಂದ ಆಗುವ ನಷ್ಟ ಸಣ್ಣದಲ್ಲ.

ನ್ಯೂಯಾರ್ಕಿಗೆ ಬಂದವರೆಲ್ಲರೂ ಸೆಂಟ್ರಲ್ ಪಾರ್ಕಿನ ಶೀಪ್ ಮೆಡೋ ಎಂಬ ಹುಲ್ಲುಗಾವಲಿನಲ್ಲಿ ಕುಳಿತು ಬುತ್ತಿ ಬಿಚ್ಚಿರುತ್ತೀರಿ. ಅಲ್ಲಿ 1864ರಿಂದ 1934ರವರೆಗೆ ನಿಜವಾಗಿಯೂ ಕುರಿಗಳು ಮೇಯುತ್ತಿದ್ದವು. 1934ರಲ್ಲಿ ಅವುಗಳನ್ನು ಬ್ರೂಕ್ಲಿನ್ನಿನ ಪ್ರಾಸ್ಪೆಕ್ಟ್ ಪಾರ್ಕಿಗೆ ಸಾಗಿಸಿ, ಕುರಿಮನೆಯನ್ನು ಉಪಾಹಾರಗೃಹವಾಗಿ ಮಾಡಿದರು. ಮಂದೆ ಹೋಯಿತು, ಬಂದ ವರ್ಷ, ಹೋದ ವರ್ಷ, ಹೋದ ಜಾಗ ಇವೆಲ್ಲ ದಾಖಲೆಯಲ್ಲಿ ಉಳಿದವು. ಇನ್ನು ನಮ್ಮ ಚಳ್ಳಕೆರೆಯ ಅಮೃತಮಹಲ್ ಕಾವಲುಗಳನ್ನು ನೋಡಿ. ಮೈಸೂರು ಅರಸರ ಬೆಣ್ಣೆ ಚಾವಡಿಯ ಕಾಲದಿಂದ, ಟಿಪ್ಪು ಅದಕ್ಕೆ ಅಮೃತಮಹಲ್ ಎಂದು ಹೆಸರಿಟ್ಟ ಮೇಲೂ, ಅರಮನೆಯ ದನಗಳಿಗೆ ಲೆಕ್ಕವಿತ್ತು. ಅದೇ ಹುಲ್ಲನ್ನು ನಂಬಿದ್ದ ಸುತ್ತಣ ಹಳ್ಳಿಗಳ ಕುರಿಗಳಿಗೆ ಅಂತಹ ಲೆಕ್ಕ ಬರೆದವರಾರು? 2007ರ ನಂತರ ಅಲ್ಲಿಯ ಸುಮಾರು 10,000 ಎಕರೆ ಕಾವಲು ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶ, ವಿಜ್ಞಾನ ಸಂಸ್ಥೆಗಳಿಗೆ ಹಂಚಿಕೆಯಾಯಿತು. 2013ರ ಹೊತ್ತಿಗೆ ವ್ಯಾಜ್ಯವು ಹಸಿರು ನ್ಯಾಯಮಂಡಳಿಯ ಮೆಟ್ಟಿಲೇರಿತ್ತು. ದೇಶಕ್ಕೆ ಅಂತಹ ಸಂಸ್ಥೆಗಳು ಬೇಡವೆಂದು ನಾನು ಹೇಳುವುದಿಲ್ಲ. ಆದರೆ ಖಾಲಿ ಜಮೀನು ಎಂಬ ಮಾತಿಗೆ ಎದುರಾಗಿ ಇಡಲು ಕುರಿ ಮೇಯಿಸಿದವರ ಕೈಯಲ್ಲಿ ಹೆಚ್ಚಾಗಿ ನೆನಪಲ್ಲದೆ ಬೇರೇನಿತ್ತು?

ಈಗ ಕಾಲ ಸ್ವಲ್ಪ ಬದಲಾಗಿದೆ. 2006ರ ಅರಣ್ಯ ಹಕ್ಕುಗಳ ಕಾಯಿದೆಯು ಅಲೆಮಾರಿ ಪಶುಪಾಲಕರ ಋತುಮಾನದ ಮೇವಿನ ಹಕ್ಕನ್ನು ಒಪ್ಪಿದೆ. ಆದರೆ ಪರಿಶಿಷ್ಟ ಪಂಗಡಕ್ಕೆ ಸೇರದವರು 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರಿನ, ಅಂದರೆ 75 ವರ್ಷಗಳ, ವಾಸವನ್ನೂ ಅವಲಂಬನೆಯನ್ನೂ ತೋರಿಸಬೇಕು. ಇಂದು ಆರಂಭಿಸಿದ ಡಿಜಿಟಲ್ ದಾಖಲೆ ಹಿಂದಿನ 75 ವರ್ಷಗಳನ್ನು ತರಲಾರದು, ನಿಜ. ಆದರೆ ಅದೇ ಕಾಯಿದೆಯ ನಿಯಮಗಳಂತೆ ಹಿರಿಯರ ಹೇಳಿಕೆಯನ್ನು ಬರಹಕ್ಕಿಳಿಸಿದರೆ ಅದೂ ಒಂದು ಸಾಕ್ಷ್ಯ. ಆದಕಾರಣ ನನ್ನ ಮೊದಲ ಸಲಹೆ ಇದು: ಆ ಫೋನಿನಲ್ಲಿ ದಾಖಲಾಗುವ ಪ್ರಥಮ ವಿಷಯ ಇಂದಿನ ಕುರಿಯ ಸಂಖ್ಯೆಯಾಗದಿರಲಿ. ಅಜ್ಜನೋ ಅಜ್ಜಿಯೋ ತಮ್ಮ ಬಾಲ್ಯದಲ್ಲಿ ಮಂದೆ ನಡೆದ ದಾರಿಯನ್ನು, ಕೆರೆ, ಕಾವಲು, ಗುಡಿಗಳ ಹೆಸರು ಹಿಡಿದು, ತಮ್ಮ ದನಿಯಲ್ಲೇ ಹೇಳಲಿ. ಮೊಮ್ಮಗಳು ಅದನ್ನು ಬರೆದುಕೊಳ್ಳಲಿ. ಆ ಹಿರಿಯರು ಇನ್ನೆಷ್ಟು ಕಾಲ ಇದ್ದಾರು?

ಎರಡನೆಯದು ಭಾಷೆಯ ಮಾತು. ತರುಣರು ತೋರಿಸಿದ ನಮೂನೆಯಲ್ಲಿ ಕುರಿಯ ವಯಸ್ಸನ್ನು ತಿಂಗಳಲ್ಲಿ ತುಂಬಬೇಕು. ಕುರಿಗಾಹಿಯು ಬಾಯಿ ಬಿಡಿಸಿ ನೋಡಿ ಎರಡು ಹಲ್ಲು, ನಾಲ್ಕು ಹಲ್ಲು ಎನ್ನುತ್ತಾನೆ. ಅವನನ್ನು ತಿಂಗಳು ಕೇಳಿದರೆ ಏನೋ ಒಂದು ಹೇಳುತ್ತಾನೆ, ನಾನು 121 ಎಂದು ಬರೆದಂತೆ. ಹಲ್ಲನ್ನೇ ಕೇಳಿ. ತೇದಿಯ ಜೊತೆಗೆ ಆರಿದ್ರಾ ಮಳೆ, ಉತ್ತರೆ ಮಳೆ ಎಂಬುದಕ್ಕೂ ಸ್ಥಳವಿರಲಿ. ಬೆರಳಿಗಿಂತ ಮಾತು ಸುಲಭ. ಹೇಳಿದ್ದನ್ನು ಫೋನು ಕೇಳಿಕೊಳ್ಳಲಿ, ಸಂಪರ್ಕವಿಲ್ಲದ ಬಯಲಿನಲ್ಲಿಯೂ ಕೆಲಸ ಮಾಡಲಿ. ತರಬೇತಿಯನ್ನು ಜಿಲ್ಲಾ ಕೇಂದ್ರದ ಸಭಾಂಗಣದಲ್ಲಿ ಇಟ್ಟರೆ ಮಂದೆಯನ್ನು ಕಾಯುವವರಾರು? ಬೀರಪ್ಪನ ಜಾತ್ರೆಗೆ ಎಲ್ಲರೂ ಕೂಡಿದಾಗ ಕಲಿಸಲಿ, ಹೆಂಗಸರನ್ನು ಮೊದಲು ಕೂರಿಸಿಕೊಳ್ಳಲಿ.

ಮಂದೆ ರಾತ್ರಿ ತಂಗುವ ಜಾಗ ಎಲ್ಲರಿಗೂ ಕಾಣುವಂತಿದ್ದರೆ ಮೊದಲು ಕೃತಜ್ಞನಾಗುವವನು ಕುರಿಗಳ್ಳ. ಹಾಗೆಯೇ, ಇಂತಹವರ ಮಂದೆ ಇಲ್ಲಿತ್ತು ಎಂಬ ಸಾಕ್ಷಿ ದಂಡ ಹಾಕುವ ಕೈಗೂ ಸಿಕ್ಕೀತು; 2025ರಲ್ಲಿ ರಾಜ್ಯದ ಅರಣ್ಯ ಸಚಿವರೇ ಕಾಡಿನಲ್ಲಿ ಸಾಕುಪ್ರಾಣಿ ಮೇಯಿಸುವುದನ್ನು ತಡೆಯುವಂತೆ ಸೂಚಿಸಿದ್ದರಲ್ಲವೆ? ದಾಖಲೆಯ ಬೀಗದ ಕೈ ಕುರಿಗಾಹಿಯ ಬಳಿಯೇ ಇರಬೇಕು. ಸತ್ತ ಕುರಿಗೆ ಅನುಗ್ರಹ ಯೋಜನೆಯಲ್ಲಿ ಪರಿಹಾರ ಬೇಡುವಾಗ, ಹೊಲದ ಯಜಮಾನನೊಡನೆ ಕಾಳಿನ ಲೆಕ್ಕ ಬಂದಾಗ, ಅವನಿಗೆ ಬೇಕಾದ ಪುಟವನ್ನು ಅವನೇ ತೆರೆದು ತೋರಿಸಲಿ. ಈ ಮಾತಿಗೆ ನನ್ನ ಮಗ ಒಪ್ಪಿಲ್ಲ. ಎಲ್ಲರ ದಾಖಲೆ ಒಂದೆಡೆ ಸೇರಿದರೆ ಮೇವಿನ ಸ್ಥಿತಿ, ರೋಗದ ಹರಡುವಿಕೆ ತಿಳಿಯುತ್ತದೆಂದು ಅವನ ವಾದ. ಅದರಲ್ಲಿ ಹುರುಳಿದೆ. ಹಾಗಿದ್ದರೆ ಕುರಿಗಾಹಿಯನ್ನು ಕೇಳಿ, ಅವನು ಕೊಟ್ಟಷ್ಟನ್ನು ಪಡೆಯಲಿ.

2024ರ ಅಕ್ಟೋಬರಿನಲ್ಲಿ ಆರಂಭವಾದ ಭಾರತದ 21ನೆಯ ಜಾನುವಾರು ಗಣತಿಯಲ್ಲಿ ಪಶುಪಾಲಕ ಸಮುದಾಯಗಳನ್ನು ಮೊದಲ ಬಾರಿಗೆ ಪ್ರತ್ಯೇಕವಾಗಿ ಗುರುತಿಸಲಾಯಿತು. ವಿಶ್ವಸಂಸ್ಥೆಯು 2026ನ್ನು ಹುಲ್ಲುಗಾವಲುಗಳ ಹಾಗೂ ಪಶುಪಾಲಕರ ವರ್ಷವೆಂದು ಸಾರಿತು. ಇಂತಹ ಹೊತ್ತಿನಲ್ಲಿ ಫೋನು ಕೊಳ್ಳಲು ಹಣ ಕೊಡುವವರು ಬಹಳ ಮಂದಿ ಸಿಗಬಹುದು. ನೀವು ಕೊಡುವುದಾದರೆ, ಜಾತ್ರೆಯಿಂದ ಜಾತ್ರೆಗೆ ಹೋಗಿ ಕಲಿಸುವ, ಮಂದೆಯೊಡನೆ ನಾಲ್ಕು ಹರದಾರಿ ನಡೆಯುವ ಹಳ್ಳಿಯ ಹುಡುಗಿಯರ ಸಂಬಳಕ್ಕೆಂದು ಕೊಡಿ.

ಸಮ್ಮೇಳನದ ಎರಡೂ ದಿನ ಆ ತರುಣರು ಊಟದ ಮನೆಯ ಬಳಿ ಮೇಜು ಹಾಕಿಕೊಂಡು ಕೂರುತ್ತಾರಂತೆ. ತಂದೆಯವರ ದಿನಚರಿಯನ್ನು ನಾನು ತರುತ್ತೇನೆ. ಒಂಬತ್ತನ್ನು ಹೊಡೆದುಹಾಕಿ ಹನ್ನೊಂದು ಎಂದು ಅವರೇ ತಿದ್ದಿದ ಪುಟದಲ್ಲಿ ಗುರುತಿಗೆ ದಾರ ಇಟ್ಟಿದ್ದೇನೆ.